ಶಿಶುಸಂರಕ್ಷಣೆಯ ಚರಿತ್ರೆ

ಚರಿತ್ರೆಯೆಂದೊಡನೆ ರಾಜರ ವಂಶಾವಳಿ, ಯುದ್ಧಗಳ ವೃತ್ತಾಂತ, ಕೋಟೆಕೊತ್ತಲಗಳ ವರ್ಣನೆ ಇವೇ ನಮ್ಮ ಮನಸ್ಸಿಗೆ ಬರುವುದು ರೂಢಿಯಾಗಿದೆ. ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸುವ ನನ್ನಂಥವರೂ ವರ್ಷದ ಬಹುಭಾಗವನ್ನು ಅವುಗಳ ವಿಚಾರದಲ್ಲಿಯೇ ಕಳೆಯುತ್ತೇವೆ. ಆದರೆ ಯಾವ ವಿಜಯಸ್ತಂಭದ ಮೇಲೂ ಕೆತ್ತದೆ ಉಳಿದ ವಿಜಯವೊಂದುಂಟು. ತೊಟ್ಟಿಲಲ್ಲಿ ಮಲಗಿದ ಕೂಸನ್ನು ಮೃತ್ಯುವಿನ ಕೈಯಿಂದ ಬಿಡಿಸಿಕೊಂಡ ಕಥೆ ಅದು. ಶ್ರೋತೃಗಳ ಮುಂದೆ ಈ ಹೊತ್ತು ಅದನ್ನು ನಿವೇದಿಸಬೇಕೆಂದಿದ್ದೇನೆ.

ಮೊದಲು ಅಳತೆಯ ವಿಚಾರವನ್ನು ಹೇಳಿಬಿಡುತ್ತೇನೆ. ಜೀವಂತವಾಗಿ ಹುಟ್ಟಿದ ಪ್ರತಿ ೧,೦೦೦ ಶಿಶುಗಳಲ್ಲಿ ವರ್ಷ ತುಂಬುವುದರೊಳಗಾಗಿ ಎಷ್ಟು ತೀರಿಹೋಗುತ್ತವೆಂಬ ಲೆಕ್ಕಕ್ಕೆ ಶಿಶುಮರಣದ ಪ್ರಮಾಣವೆಂದು ಹೆಸರು. ನಮ್ಮ ಭಾರತದಲ್ಲಿ ೧೯೭೧ರಲ್ಲಿ ಈ ಪ್ರಮಾಣವು ೧೨೯ ಆಗಿದ್ದಿತು. ೨೦೨೦ರಲ್ಲಿ ಅದು ೨೮ಕ್ಕೆ ಇಳಿಯಿತು. ಅದೇ ವರ್ಷ ಕರ್ನಾಟಕದ ಪ್ರಮಾಣ ೧೯. ಐವತ್ತು ವರ್ಷಗಳಲ್ಲಿ ಇಷ್ಟು ಇಳಿದುದು ಸಾಮಾನ್ಯವಾದ ಸಂಗತಿಯಲ್ಲ. ಇದು ಹೊಸ ಔಷಧಗಳ ಪ್ರಭಾವವೆಂದು ಅನೇಕರು ತಿಳಿದಿದ್ದಾರೆ. ಔಷಧಗಳ ಪಾಲು ಇದರಲ್ಲಿ ಇಲ್ಲದೆ ಇಲ್ಲ. ಆದರೆ ಚರಿತ್ರೆಯನ್ನು ಕೆದಕಿ ನೋಡಿದರೆ, ಪೆನಿಸಿಲಿನ್ನಿನಂಥ ಮದ್ದುಗಳು ಕೈಗೆ ಬರುವುದಕ್ಕೆ ಬಹಳ ಮುಂಚೆಯೇ ಪಶ್ಚಿಮದ ದೇಶಗಳಲ್ಲಿ ಶಿಶುಮರಣವು ಇಳಿಯತೊಡಗಿತ್ತೆಂಬುದು ಗೊತ್ತಾಗುತ್ತದೆ. ಇಳಿಸಿದ ಸಾಧನಗಳು ಅತ್ಯಂತ ಸಾಮಾನ್ಯವಾದುವು: ಒಂದು ತಕ್ಕಡಿ, ಶುದ್ಧವಾದ ಹಾಲು, ಬಾಗಿಲಿಗೆ ಬಂದು ವಿಚಾರಿಸುವ ಒಬ್ಬ ದಾದಿ, ತಾಯಿಗೆ ಒಂದು ಹೊತ್ತಿನ ಒಳ್ಳೆಯ ಊಟ.

ಇಂಗ್ಲೆಂಡಿನಿಂದ ಪ್ರಾರಂಭಿಸೋಣ. ಅಲ್ಲಿ ೧೮೩೭ರಲ್ಲಿ ಜನನ ಮರಣಗಳನ್ನು ಸರ್ಕಾರದವರು ದಾಖಲೆ ಮಾಡಿಕೊಳ್ಳುವ ಪದ್ಧತಿ ಜಾರಿಗೆ ಬಂದಿತು. ವಿಲಿಯಂ ಫಾರ್ ಎಂಬ ವಿದ್ವಾಂಸರು ಈ ಲೆಕ್ಕಗಳನ್ನು ವಿಂಗಡಿಸಿ, ಯಾವ ಊರಿನಲ್ಲಿ ಯಾವ ವಯಸ್ಸಿನವರು ಯಾವ ರೋಗದಿಂದ ಸಾಯುತ್ತಾರೆಂಬುದನ್ನು ವರ್ಷ ವರ್ಷವೂ ತೋರಿಸುತ್ತ ಬಂದರು. ಎಣಿಸುವುದಕ್ಕೆ ಮುಂಚೆ ಒಂದೊಂದು ಮಗುವಿನ ಸಾವೂ ಆಯಾ ಮನೆಯ ದುಃಖವಾಗಿ, ದೈವಚಿತ್ತವಾಗಿ ಮುಗಿದುಹೋಗುತ್ತಿತ್ತು. ಎಣಿಸಿದ ಮೇಲೆ ಅದು ಇಡೀ ರಾಷ್ಟ್ರ ಉತ್ತರ ಹೇಳಬೇಕಾದ ಪ್ರಶ್ನೆಯಾಯಿತು. ಅಂಕಿಗಳಿಂದ ಹೊರಬಿದ್ದ ವಿಚಿತ್ರವಾದ ಅಂಶವೇನೆಂದರೆ, ಆ ಶತಮಾನದ ಉತ್ತರಾರ್ಧದಲ್ಲಿ ಒಳಚರಂಡಿಗಳೂ ಕೊಳಾಯಿಯ ನೀರೂ ಪಟ್ಟಣಗಳಿಗೆ ಬಂದು ದೊಡ್ಡವರ ಮರಣಪ್ರಮಾಣ ಇಳಿಯುತ್ತಿದ್ದರೂ ಶಿಶುಗಳ ಮರಣಪ್ರಮಾಣ ಮಾತ್ರ ಸಾವಿರಕ್ಕೆ ೧೫೦ರ ಆಸುಪಾಸಿನಲ್ಲಿಯೇ ನಿಂತುಬಿಟ್ಟಿತ್ತು. ೧೮೯೯ರಲ್ಲಿ ಅದು ೧೬೩ಕ್ಕೆ ಏರಿತು. ಬೇಸಿಗೆ ಬಲವಾದ ವರ್ಷಗಳಲ್ಲಿ ಅತಿಸಾರವು ಕೂಸುಗಳನ್ನು ಗುಂಪುಗುಂಪಾಗಿ ಕೊಂಡೊಯ್ಯುತ್ತಿತ್ತು. ಲೋಕದ ಸಂಪತ್ತೆಲ್ಲ ಬಂದು ಸೇರುತ್ತಿದ್ದ ದೇಶದಲ್ಲಿ ಆರು ಏಳು ಮಕ್ಕಳಲ್ಲಿ ಒಂದು ವರ್ಷ ತುಂಬದೆ ಹೋಗುತ್ತಿದ್ದಿತು.

ಇದಕ್ಕೆ ಕಾರಣವೇನು? ಎರಡು ವಿಪತ್ತುಗಳು ಅನಿರೀಕ್ಷಿತವಾಗಿ ಒಂದು ಸುಳುಹನ್ನು ಕೊಟ್ಟುವು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಹತ್ತಿ ಬರುವುದು ನಿಂತು ಲ್ಯಾಂಕಷೈರಿನ ಗಿರಣಿಗಳು ಮುಚ್ಚಿದುವು. ಕೂಲಿಯಿಲ್ಲದೆ ಜನ ಕಂಗೆಟ್ಟರು. ಇಂಥ ಬಡತನದಲ್ಲಿ ಕೂಸುಗಳ ಸಾವು ಹೆಚ್ಚಬೇಕಷ್ಟೆ? ಅದಕ್ಕೆ ಬದಲಾಗಿ ಕಡಿಮೆಯಾಯಿತೆಂದು ಅಲ್ಲಿಯ ವೈದ್ಯಾಧಿಕಾರಿಗಳು ಬರೆದರು. ೧೮೭೦-೭೧ರಲ್ಲಿ ಜರ್ಮನರ ಸೈನ್ಯವು ಪ್ಯಾರಿಸ್ ನಗರವನ್ನು ಮುತ್ತಿದಾಗಲೂ ಇದೇ ಮಾತು ಕೇಳಿಬಂದಿತು. ದೊಡ್ಡವರು ಹಸಿವಿನಿಂದಲೂ ಚಳಿಯಿಂದಲೂ ಸತ್ತರು. ಎಳೆಯ ಕೂಸುಗಳು ಎಂದಿಗಿಂತ ಹೆಚ್ಚಾಗಿ ಉಳಿದುವು. ಗಿರಣಿಗೆ ಹೋಗುತ್ತಿದ್ದ ತಾಯಿ ಮನೆಯಲ್ಲಿ ಉಳಿದು ಮಗುವಿಗೆ ತನ್ನ ಹಾಲನ್ನೇ ಕುಡಿಸಿದಳೆಂಬುದೇ ಇದಕ್ಕೆ ಕಾರಣವೆಂದು ಆ ಕಾಲದವರು ವಿವರಿಸಿದರು. ಅಂದಿನ ಅಂಕಿಗಳು ಎಷ್ಟು ನಂಬತಕ್ಕವು ಎಂಬ ಚರ್ಚೆ ಚರಿತ್ರಕಾರರಲ್ಲಿ ಉಂಟು. ಅದು ಹೇಗೇ ಇರಲಿ, ಮಗುವಿನ ಬಾಯಿಗೆ ಏನು ಹೋಗುತ್ತದೆ, ಅದು ಯಾವ ಪಾತ್ರೆಯಿಂದ ಹೋಗುತ್ತದೆ ಎಂಬ ಕಡೆಗೆ ವೈದ್ಯರ ದೃಷ್ಟಿ ತಿರುಗಿತು.

ಪಾತ್ರೆಯ ವಿಷಯವನ್ನು ಹೇಳಲೇಬೇಕು. ಆಗ ಯೂರೋಪಿನ ಮನೆಗಳಲ್ಲಿ ಉದ್ದವಾದ ರಬ್ಬರಿನ ಕೊಳವೆಯುಳ್ಳ ಹಾಲಿನ ಸೀಸೆಯೊಂದು ಬಹಳ ಬಳಕೆಯಲ್ಲಿತ್ತು. ಮಗುವಿನ ಪಕ್ಕದಲ್ಲಿ ಸೀಸೆಯನ್ನಿಟ್ಟು ಕೊಳವೆಯ ತುದಿಯನ್ನು ಬಾಯಿಗೆ ಕೊಟ್ಟರೆ ತಾಯಿ ತನ್ನ ಕೆಲಸಕ್ಕೆ ಹೋಗಬಹುದಾಗಿತ್ತು. ಆ ಕೊಳವೆಯನ್ನು ತೊಳೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಒಳಗೆ ಹಾಲು ಹುಳಿತು ಕೊಳೆಯುತ್ತಿದ್ದಿತು. ಕಡೆಗೆ ಫ್ರಾನ್ಸು ದೇಶವು ೧೯೧೦ರಲ್ಲಿ ಶಾಸನ ಮಾಡಿ ಅದರ ಮಾರಾಟವನ್ನು ನಿಲ್ಲಿಸಬೇಕಾಯಿತು.

ಫ್ರಾನ್ಸಿಗೆ ಈ ವಿಷಯದಲ್ಲಿ ವಿಶೇಷವಾದ ಕಳವಳವಿದ್ದುದಕ್ಕೆ ಕಾರಣವುಂಟು. ೧೮೭೧ರ ಸೋಲಿನಿಂದ ಆ ರಾಷ್ಟ್ರದ ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು; ಜನನಗಳೂ ಅಲ್ಲಿ ಕಡಿಮೆ. ಇದರ ಮೇಲೆ, ಪ್ಯಾರಿಸ್ಸಿನ ಮಕ್ಕಳನ್ನು ಹಳ್ಳಿಗಾಡಿನ ಸಾಕುದಾದಿಯರ ಬಳಿಗೆ ಕಳುಹಿಸಿಬಿಡುವ ಹಳೆಯ ವಾಡಿಕೆಯೊಂದಿತ್ತು. ಹೋದವರಲ್ಲಿ ಎಷ್ಟೋ ಮಕ್ಕಳು ಹಿಂದಿರುಗುತ್ತಿರಲಿಲ್ಲ. ಥಿಯೋಫಿಲ್ ರೂಸೆಲ್ ಎಂಬ ವೈದ್ಯರ ಪ್ರಯತ್ನದಿಂದ ೧೮೭೪ರಲ್ಲಿ ಆದ ಶಾಸನವು ಇಂಥ ಮಕ್ಕಳನ್ನು ಸರ್ಕಾರದ ಮೇಲ್ವಿಚಾರಣೆಗೆ ತಂದಿತು. ಅದಾದ ಹದಿನೆಂಟು ವರ್ಷಗಳ ಮೇಲೆ, ೧೮೯೨ರಲ್ಲಿ, ಪ್ಯಾರಿಸ್ಸಿನ ಶಾರಿತೆ ಆಸ್ಪತ್ರೆಯಲ್ಲಿ ಪಿಯೇರ್ ಬುದ್ಯಾಂ ಎಂಬ ಪ್ರಸೂತಿವೈದ್ಯರು ಒಂದು ಸರಳವಾದ ಏರ್ಪಾಟನ್ನು ಪ್ರಾರಂಭಿಸಿದರು. ತಮ್ಮ ಕೈಯಲ್ಲಿ ಸುಖವಾಗಿ ಹುಟ್ಟಿ, ದುಂಡಗೆ ಮನೆಗೆ ಹೋದ ಮಕ್ಕಳು ಕೆಲವು ತಿಂಗಳೊಳಗೆ ಇಲ್ಲವಾಗುತ್ತಿದ್ದುದು ಅವರ ಮನಸ್ಸನ್ನು ಕೊರೆಯುತ್ತಿತ್ತು. ಹೆರಿಗೆಯೊಡನೆ ವೈದ್ಯನ ಕರ್ತವ್ಯ ಮುಗಿಯಲಿಲ್ಲವೆಂದು ಅವರು ತೀರ್ಮಾನಿಸಿದರು. ಅಲ್ಲಿ ಹೆತ್ತ ತಾಯಂದಿರು ವಾರಕ್ಕೊಮ್ಮೆ ಮಗುವನ್ನು ಕರೆತರಬೇಕು. ಮಗುವನ್ನು ತಕ್ಕಡಿಯಲ್ಲಿಟ್ಟು ತೂಗುವರು, ತೂಕವನ್ನು ಬರೆದಿಡುವರು. ತಾಯಿಯ ಹಾಲು ಸಾಲುವುದೋ ಇಲ್ಲವೋ ಎಂಬುದನ್ನು ತಕ್ಕಡಿಯೇ ಹೇಳುತ್ತಿತ್ತು. ಸಾಲದಿದ್ದವರಿಗೆ ಮಾತ್ರ, ಸಾಲದಿದ್ದಷ್ಟು ಮಾತ್ರ, ಕ್ರಿಮಿಶುದ್ಧಿ ಮಾಡಿದ ಹಸುವಿನ ಹಾಲನ್ನು ಕೊಡುತ್ತಿದ್ದರು.

ಎರಡು ವರ್ಷದ ಮೇಲೆ, ೧೮೯೪ರಲ್ಲಿ, ನಾರ್ಮಂಡಿಯ ಫೆಕಾಂ ಎಂಬ ಸಮುದ್ರತೀರದ ಊರಿನಲ್ಲಿ ಲಿಯೋಂ ದ್ಯುಫೂರ್ ಎಂಬ ವೈದ್ಯರು ‘ಹಾಲಿನ ಹನಿ’ ಎಂಬ ಅರ್ಥದ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿ ಬಡಮಕ್ಕಳಿಗೆ ಶುದ್ಧವಾದ ಹಾಲನ್ನು ಹಂಚತೊಡಗಿದರು. ಆ ಹೆಸರು ಎಷ್ಟು ಜನಪ್ರಿಯವಾಯಿತೆಂದರೆ ಯೂರೋಪಿನ ಅನೇಕ ಪಟ್ಟಣಗಳಲ್ಲಿ ‘ಹಾಲಿನ ಹನಿ’ಗಳು ಎದ್ದುವು. ಬುದ್ಯಾಂ ಅವರ ಸಭೆಗೂ ಈ ಹಾಲಿನ ಅಂಗಡಿಗಳಿಗೂ ಒಂದು ಸೂಕ್ಷ್ಮವಾದ ವ್ಯತ್ಯಾಸವುಂಟು. ಮುಂದಿನ ಚರಿತ್ರೆಯೆಲ್ಲ ಅದರ ಮೇಲೆ ನಿಂತಿದೆ. ಅಂಗಡಿಯು ಹಾಲನ್ನು ಕೊಟ್ಟು ಮಗುವನ್ನು ಉಳಿಸಬೇಕೆಂದು ಹೊರಟಿತು. ಬುದ್ಯಾಂ ಅವರಾದರೋ ತಾಯಿಯನ್ನು ಕೈಬಿಡದೆ, ಅವಳ ಮೂಲಕವೇ ಮಗುವನ್ನು ಉಳಿಸಬೇಕೆಂದರು. ಹಾಲನ್ನು ಹಂಚುವುದು ಸುಲಭ. ತಾಯಿಯನ್ನು ವಾರವಾರವೂ ಕಂಡು ವಿಚಾರಿಸುವುದು ಕಷ್ಟ. ಕಷ್ಟವಾದ ದಾರಿಯೇ ನಿಜವಾದ ದಾರಿಯೆಂಬುದು ಕಾಲಕ್ರಮದಲ್ಲಿ ತಿಳಿದುಬಂದಿತು.

ಇಂಗ್ಲೆಂಡಿನಲ್ಲಿ ಮೊದಲನೆಯ ಹಾಲಿನ ಅಂಗಡಿ ೧೮೯೯ರಲ್ಲಿ ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ ತೆರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧವೂ ಆರಂಭವಾಯಿತು. ಸೈನ್ಯಕ್ಕೆ ಸೇರಲು ಬಂದ ಪಟ್ಟಣದ ಯುವಕರಲ್ಲಿ ಬಹುಮಂದಿ ಕೃಶವಾದ ಮೈಕಟ್ಟಿನ ಕಾರಣದಿಂದ ತಿರಸ್ಕೃತರಾದುದನ್ನು ಕಂಡು ರಾಜಕಾರಣಿಗಳು ಬೆಚ್ಚಿದರು. ಜನಾಂಗದ ದೇಹಶಕ್ತಿ ಕುಗ್ಗುತ್ತಿದೆಯೆ ಎಂಬುದನ್ನು ವಿಚಾರಿಸಲು ನೇಮಿಸಿದ ಸಮಿತಿಯು ೧೯೦೪ರಲ್ಲಿ ವರದಿ ಮಾಡಿತು. ಶಾಲೆಯ ಮಕ್ಕಳಿಗೆ ಊಟ ಹಾಕಲು ಅವಕಾಶ ಕೊಟ್ಟ ೧೯೦೬ರ ಕಾನೂನು ಈ ಭಯದ ಫಲವೇ. ಕೂಸಿನ ಮೇಲಿನ ಕರುಣೆಗಿಂತ ಸಿಪಾಯಿಯ ಮೇಲಿನ ಆಸೆಯೇ ಹೆಚ್ಚಾಗಿತ್ತೆಂದು ನಾವು ಟೀಕಿಸಬಹುದು. ಆದರೆ ಚರಿತ್ರೆಯಲ್ಲಿ ಒಳ್ಳೆಯ ಕೆಲಸಗಳು ಯಾವಾಗಲೂ ಒಳ್ಳೆಯ ಉದ್ದೇಶದಿಂದಲೇ ಹುಟ್ಟುವುದಿಲ್ಲ.

ಕರುಣೆಯಿಂದ ಹುಟ್ಟಿದ ಪ್ರಯೋಗವೂ ಉಂಟು. ಯಾರ್ಕ್‌ಷೈರಿನ ಉಣ್ಣೆಯ ಪಟ್ಟಣವಾದ ಹಡರ್ಸ್‌ಫೀಲ್ಡಿನಲ್ಲಿ ಬೆಂಜಮಿನ್ ಬ್ರಾಡ್‌ಬೆಂಟ್ ಎಂಬವರು ೧೯೦೪ರಲ್ಲಿ ಮೇಯರಾದರು. ತಮ್ಮ ವಾರ್ಡಾದ ಲಾಂಗ್‌ವುಡ್ಡಿನಲ್ಲಿ ತಮ್ಮ ಅಧಿಕಾರದ ವರ್ಷದಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ, ಅದು ಒಂದು ವರ್ಷ ತುಂಬಿದ ದಿನ, ಒಂದು ಪೌಂಡು ಕೊಡುವೆನೆಂದು ವಾಗ್ದಾನಪತ್ರಗಳನ್ನು ಅಚ್ಚು ಹಾಕಿಸಿ ಹಂಚಿದರು. ಅನೇಕರು ನಕ್ಕರು. ಪೌಂಡಿನ ಆಸೆಗೆ ಮಗುವನ್ನು ಬದುಕಿಸಿಕೊಳ್ಳುವ ತಾಯಿ ಯಾವಳು? ಬ್ರಾಡ್‌ಬೆಂಟರ ಉಪಾಯ ಹಣದಲ್ಲಿರಲಿಲ್ಲ. ವಾಗ್ದಾನಪತ್ರದ ನೆಪದಿಂದ ಹುಟ್ಟಿದ ಕೂಸಿನ ಸುದ್ದಿ ತತ್‌ಕ್ಷಣ ತಿಳಿಯುತ್ತಿತ್ತು. ತಿಳಿದೊಡನೆ ಹೆಂಗಸರೊಬ್ಬರು ಆ ಮನೆಗೆ ಹೋಗಿ ಬಾಣಂತಿಯನ್ನು ವಿಚಾರಿಸಿ, ಬೇಕಾದ ಬುದ್ಧಿಯನ್ನೂ ಸಹಾಯವನ್ನೂ ಒದಗಿಸುತ್ತಿದ್ದರು. ಅದುವರೆಗೆ ಜನನವನ್ನು ದಾಖಲೆ ಮಾಡಿಸಲು ಆರು ವಾರಗಳ ಅವಕಾಶವಿತ್ತು. ಆರು ವಾರ ಕಳೆಯುವ ವೇಳೆಗೆ ಎಷ್ಟೋ ಮಕ್ಕಳು ತೀರಿಹೋಗಿರುತ್ತಿದ್ದುವು. ಆದ್ದರಿಂದ ಈ ಪಟ್ಟಣದವರು ೧೯೦೬ರಲ್ಲಿ ಪ್ರತ್ಯೇಕವಾದ ಶಾಸನವನ್ನೇ ಪಡೆದು, ಹುಟ್ಟಿದ ೪೮ ಗಂಟೆಗಳೊಳಗೆ ಸುದ್ದಿ ಮುಟ್ಟಿಸಬೇಕೆಂದು ವಿಧಿಸಿದರು. ೧೯೦೭ರಲ್ಲಿ ದೇಶದ ಇತರ ಪಟ್ಟಣಗಳೂ ಬೇಕಾದರೆ ಇದನ್ನು ಅನುಸರಿಸಬಹುದೆಂದಾಯಿತು. ೧೯೧೫ರಲ್ಲಿ ಎಲ್ಲೆಡೆಯೂ ಕಡ್ಡಾಯವಾಯಿತು.

ಅಟ್ಲಾಂಟಿಕ್ಕಿನ ಆಚೆಗೆ ನ್ಯೂಯಾರ್ಕಿನಲ್ಲಿಯೂ ಇಂಥದೇ ಪರೀಕ್ಷೆ ನಡೆಯಿತು. ಸಾರಾ ಜೋಸೆಫೀನ್ ಬೇಕರ್ ಎಂಬ ಮಹಿಳಾವೈದ್ಯರು ೧೯೦೮ರ ಬೇಸಿಗೆಯಲ್ಲಿ, ವಲಸೆ ಬಂದವರಿಂದ ಕಿಕ್ಕಿರಿದ ಒಂದು ಭಾಗವನ್ನು ಆರಿಸಿಕೊಂಡು, ಕೂಸು ಹುಟ್ಟಿದ ಸುದ್ದಿ ಬಂದ ಮರುದಿನವೇ ದಾದಿಯನ್ನು ಆ ಮನೆಗೆ ಕಳುಹಿಸುತ್ತ ಬಂದರು. ದಾದಿ ಹೇಳಿದುದು ಸ್ವಲ್ಪವೇ: ಮೊಲೆಹಾಲು ಕೊಡಿ, ಕಿಟಕಿ ತೆರೆಯಿರಿ, ದಿನವೂ ಸ್ನಾನ ಮಾಡಿಸಿ, ಸೆಕೆಯಲ್ಲಿ ತೆಳುವಾದ ಬಟ್ಟೆ ಹಾಕಿ. ಆ ಬೇಸಿಗೆಯಲ್ಲಿ ಆ ಭಾಗದಲ್ಲಿ ಸತ್ತ ಕೂಸುಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ೧,೨೦೦ರಷ್ಟು ಕಡಿಮೆಯಾಯಿತೆಂದು ಅವರು ಬರೆದಿದ್ದಾರೆ. ಹೊಸ ಔಷಧ ಒಂದೂ ಇರಲಿಲ್ಲ.

ಇಲ್ಲಿಯವರೆಗಿನ ಕಥೆಯಲ್ಲಿ ಒಂದು ಅಪಾಯವೂ ಅಡಗಿತ್ತು. ಬೋಧನೆಯಿಂದ ಮಕ್ಕಳು ಉಳಿದುವೆಂದ ಮೇಲೆ, ಬೋಧನೆಯಿಲ್ಲದ ತಾಯಿಯ ಅಜ್ಞಾನದಿಂದಲೇ ಮಕ್ಕಳು ಸತ್ತುವೆಂದು ಹೇಳುವುದು ಸುಲಭವಾಯಿತು. ವೈದ್ಯರೂ ಪತ್ರಿಕೆಯವರೂ ಪಾದ್ರಿಗಳೂ ಬಡ ತಾಯಂದಿರ ಮೇಲೆ ಸೋಮಾರಿತನ, ಮೌಢ್ಯ, ಅಲಕ್ಷ್ಯ ಎಂಬ ದೋಷಗಳನ್ನೆಲ್ಲ ಹೊರಿಸಿದರು. ಈ ಆರೋಪಕ್ಕೆ ಉತ್ತರ ಕೊಟ್ಟವರು ಹೆಂಗಸರೇ. ಲಂಡನ್ನಿನ ಫೇಬಿಯನ್ ಮಹಿಳಾಮಂಡಲಿಯವರು ೧೯೦೯ರಿಂದ ನಾಲ್ಕು ವರ್ಷ ಲ್ಯಾಂಬೆತ್ ಮೊಹಲ್ಲೆಯ ಕೂಲಿಕಾರರ ಮನೆಗಳಿಗೆ ವಾರವಾರವೂ ಹೋಗಿ, ವಾರಕ್ಕೆ ಸುಮಾರು ಒಂದು ಪೌಂಡು ಸಂಪಾದನೆಯಲ್ಲಿ ಸಂಸಾರ ಹೇಗೆ ನಡೆಯುವುದೆಂಬುದನ್ನು ಕಾಸು ಕಾಸಿನ ಲೆಕ್ಕವಾಗಿ ಬರೆದುಕೊಂಡರು. ಅದನ್ನು ಮಾಡ್ ಪೆಂಬರ್ ರೀವ್ಸ್ ಎಂಬಾಕೆ ೧೯೧೩ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದರಿಂದ ಹೊರಬಿದ್ದ ಸತ್ಯ ಕಠೋರವಾದುದು. ಆ ತಾಯಂದಿರು ದಡ್ಡರೂ ಅಲ್ಲ, ದುಂದುಗಾರರೂ ಅಲ್ಲ. ಬಾಡಿಗೆ, ಕಲ್ಲಿದ್ದಲು, ಸತ್ತರೆ ಹೂಳುವುದಕ್ಕೆಂದು ಕಟ್ಟುವ ವಿಮೆಯ ಕಂತು ಇವೆಲ್ಲ ಕಳೆದು ಉಳಿದುದರಲ್ಲಿ ಊಟ. ಊಟದಲ್ಲಿ ಮೊದಲ ಪಾಲು ದುಡಿಯುವ ಗಂಡನಿಗೆ, ಆಮೇಲೆ ಮಕ್ಕಳಿಗೆ, ತಳದಲ್ಲಿ ಉಳಿದರೆ ಬಸುರಿಯೋ ಬಾಣಂತಿಯೋ ಆದ ಆಕೆಗೆ. ಹಾಲು ಒಳ್ಳೆಯದೆಂದು ದಾದಿ ಹೇಳಿದಳು, ಸರಿ. ಕೊಳ್ಳುವುದು ಯಾವುದರಿಂದ? ೧೯೧೫ರಲ್ಲಿ ಮಹಿಳಾ ಸಹಕಾರ ಸಂಘದವರು ಕೂಲಿಕಾರರ ಮನೆಯ ಹೆಂಗಸರ ಕಾಗದಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ, ಹೆರಿಗೆಯ ಹಿಂದಿನ ದಿನದವರೆಗೂ ದುಡಿದು, ಮೂರನೆಯ ದಿನ ಮತ್ತೆ ಬಟ್ಟೆ ಒಗೆಯಲು ಎದ್ದವರ ಮಾತು ಮೊದಲ ಬಾರಿ ಲೋಕಕ್ಕೆ ಕೇಳಿಸಿತು.

ಇದರೊಡನೆ ಚರಿತ್ರೆಯು ಹೊಸ ಘಟ್ಟಕ್ಕೆ ಬಂದಿತೆನ್ನಬಹುದು. ಮಗುವನ್ನು ಉಳಿಸಬೇಕಾದರೆ ತಾಯಿಗೆ ಬೋಧಿಸಿದರೆ ಸಾಲದು, ತಾಯಿಗೆ ಉಣ್ಣಿಸಬೇಕು ಎಂಬ ವಿಚಾರ ನೆಲೆಗೊಂಡಿತು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸಿನಲ್ಲಿ ೧೯೦೭ರಲ್ಲಿ ಆರಂಭವಾದ ‘ತಾಯಂದಿರ ಶಾಲೆ’ಯಲ್ಲಿ ಪಾಠದ ಜೊತೆಗೆ ಬಸುರಿಯರಿಗೂ ಬಾಣಂತಿಯರಿಗೂ ಊಟವಿದ್ದುದು ಇದರ ಮುನ್ಸೂಚನೆ. ೧೯೧೮ರ ಶಾಸನದಿಂದ ತಾಯಿ ಮಕ್ಕಳ ಯೋಗಕ್ಷೇಮವು ಸ್ಥಳಿಕ ಸಂಸ್ಥೆಗಳ ಕಾರ್ಯಕ್ಕೆ ಸೇರಿತು. ಎರಡನೆಯ ಮಹಾಯುದ್ಧದಲ್ಲಿ, ೧೯೪೦ರಿಂದ, ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಅಗ್ಗವಾಗಿ, ಬಡವರಿಗೆ ಉಚಿತವಾಗಿ, ಹಾಲು ದೊರೆಯಿತು. ಕಿತ್ತಳೆಯ ರಸವೂ ಮೀನೆಣ್ಣೆಯೂ ಬಂದುವು. ಬಾಂಬುಗಳು ಬೀಳುತ್ತಿದ್ದ ಮೊದಲ ಎರಡು ವರ್ಷ ಶಿಶುಮರಣ ಏರಿತು. ಅನಂತರ ಅದು ಇಳಿದು, ಯುದ್ಧ ಮುಗಿದ ೧೯೪೫ರಲ್ಲಿ ಸಾವಿರಕ್ಕೆ ೪೬ಕ್ಕೆ ಬಂದಿತು; ಇದು ಯುದ್ಧಪೂರ್ವದ ಪ್ರಮಾಣಕ್ಕಿಂತಲೂ ಕಡಿಮೆ. ಆಹಾರದ ಅಭಾವವಿದ್ದ ಕಾಲದಲ್ಲಿ ಇದು ಸಾಧ್ಯವಾದುದು, ಇದ್ದುದನ್ನು ಹಂಚುವಾಗ ತಾಯಿಯನ್ನು ಸಾಲಿನ ಮುಂದಕ್ಕೆ ತಂದು ನಿಲ್ಲಿಸಿದುದರಿಂದ.

ತಾಯಿಯ ಆಹಾರಕ್ಕೂ ಮಗುವಿನ ಪ್ರಾಣಕ್ಕೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ತೋರಿಸುವ ಕೆಲಸದ ಒಂದು ಮುಖ್ಯ ಭಾಗ ನಮ್ಮ ದೇಶದಲ್ಲಿಯೇ ನಡೆಯಿತೆಂಬುದು ಅನೇಕರಿಗೆ ತಿಳಿಯದು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯಮಹಿಳೆ ೧೯೨೮ರಲ್ಲಿ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರಲ್ಲಿ ಭಯಂಕರವಾದ ಒಂದು ಬಗೆಯ ರಕ್ತಹೀನತೆ ಕಾಣಿಸಿಕೊಂಡು ತಾಯಿ ಮಗು ಇಬ್ಬರನ್ನೂ ಬಲಿ ತೆಗೆದುಕೊಳ್ಳುತ್ತಿದ್ದಿತು. ಕ್ರಿಮಿಯಿಂದ ಬಂದ ರೋಗವಿರಬಹುದೆಂದು ಹುಡುಕಿದರೆ ಕ್ರಿಮಿ ಸಿಕ್ಕಲಿಲ್ಲ. ಅವರು ಏನನ್ನು ಉಣ್ಣುತ್ತಾರೆಂದು ವಿಚಾರಿಸಿದಾಗ ಸೊಪ್ಪು, ಹಣ್ಣು, ಮಾಂಸ ಇವುಗಳ ಕೊರತೆ ಕಂಡುಬಂದಿತು. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ, ಆಮೇಲೆ ರೋಗಿಗಳಿಗೆ ಮಾರ್ಮೈಟ್ ಎಂಬ ಅಗ್ಗವಾದ ಯೀಸ್ಟಿನ ಸಾರವನ್ನು ತಿನ್ನಿಸಿದರು. ಸಾಯುವ ಸ್ಥಿತಿಯಲ್ಲಿದ್ದವರು ಚೇತರಿಸಿಕೊಂಡರು. ಈ ಸಂಗತಿ ೧೯೩೧ರಲ್ಲಿ ಪ್ರಕಟವಾಯಿತು. ಯೀಸ್ಟಿನಲ್ಲಿದ್ದ ಆ ಅಂಶವನ್ನು ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಗರ್ಭ ನಿಲ್ಲುವುದಕ್ಕೆ ಮುಂಚಿನಿಂದಲೇ ತಾಯಿ ಇದನ್ನು ಸೇವಿಸಿದರೆ ಮಗುವಿನ ಮಿದುಳುಬಳ್ಳಿಯ ಘೋರವಾದ ದೋಷಗಳು ಬಹುಮಟ್ಟಿಗೆ ತಪ್ಪುವುವೆಂದು ೧೯೯೧ರಲ್ಲಿ ಸಿದ್ಧವಾಯಿತು. ಇಂದು ಪ್ರತಿಯೊಬ್ಬ ಗರ್ಭಿಣಿಗೂ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಅದೂ ಸೇರಿದೆ. ಮುಂಬಯಿಯ ಹೆಸರಿಲ್ಲದ ಗಿರಣಿಕೂಲಿಯವರ ಸಂಕಟದಿಂದ ಲೋಕದ ತಾಯಂದಿರಿಗೆಲ್ಲ ದೊರೆತ ವರವೆಂದು ಅದನ್ನು ತಿಳಿಯಬೇಕು.

ಇದೇ ಕಾಲದಲ್ಲಿ, ೧೯೩೩ರಲ್ಲಿ, ಈಗ ಘಾನಾ ಎನ್ನುವ ಆಫ್ರಿಕದ ಪ್ರಾಂತದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯರು, ಮೈ ಊದಿ ಕೂದಲು ಕೆಂಪಾಗಿ ಸಾಯುವ ಮಕ್ಕಳ ರೋಗವನ್ನು ವರ್ಣಿಸಿದರು. ಅದಕ್ಕೆ ಆ ನಾಡಿನ ಜನ ಇಟ್ಟಿದ್ದ ಕ್ವಾಷಿಯೋರ್ಕರ್ ಎಂಬ ಹೆಸರನ್ನೇ ಅವರು ಉಳಿಸಿಕೊಂಡರು. ಮತ್ತೊಂದು ಕೂಸು ಬಂದು ಮೊಲೆ ಬಿಡಿಸಲ್ಪಟ್ಟ ಮಗುವಿಗೆ ತಗಲುವ ಕಾಯಿಲೆಯೆಂದು ಅದರ ಭಾವ. ಅಕ್ಷರ ಬಾರದ ತಾಯಂದಿರು ರೋಗದ ಕಾರಣವನ್ನು ಹೆಸರಿನಲ್ಲಿಯೇ ಇಟ್ಟಿದ್ದರು! ಅನಂತರ ಸಿಂಗಪುರಕ್ಕೆ ಹೋದ ವಿಲಿಯಮ್ಸರು, ಸಿಹಿ ಹಾಕಿದ ಡಬ್ಬಿಹಾಲನ್ನು ಎಳೆಗೂಸುಗಳಿಗೆ ಹಿತವೆಂದು ಮಾರುವುದನ್ನು ಕಂಡು ಸಿಟ್ಟಿಗೆದ್ದು, ೧೯೩೯ರಲ್ಲಿ ‘ಹಾಲು ಮತ್ತು ಕೊಲೆ’ ಎಂಬ ಹೆಸರಿನ ಭಾಷಣವನ್ನು ಅಲ್ಲಿಯ ರೋಟರಿ ಸಭೆಯ ಮುಂದೆಯೇ ಮಾಡಿದರು.

ಇನ್ನು ನಮ್ಮ ನಾಡಿನ ವಿಚಾರ. ಬಾಣಂತನವನ್ನು ನಮ್ಮ ಹಿರಿಯರು ಅಲಕ್ಷಿಸಿದವರಲ್ಲ. ತವರಿಗೆ ಕರೆತರುವುದು, ಎಣ್ಣೆನೀರು, ಬೆಚ್ಚಗಿನ ಕೋಣೆ, ಅಂಟಿನುಂಡೆ, ಹಲವು ವಾರಗಳ ವಿಶ್ರಾಂತಿ, ವರ್ಷ ದಾಟಿಯೂ ಮೊಲೆಹಾಲು, ಇವೆಲ್ಲ ಬುದ್ಯಾಂ ಅವರೂ ಮೆಚ್ಚತಕ್ಕ ವ್ಯವಸ್ಥೆಗಳೇ. ಆದರೆ ಇವುಗಳ ಜೊತೆಗೆ ಕೆಲವು ಕೆಟ್ಟ ವಾಡಿಕೆಗಳೂ ಸೇರಿಕೊಂಡಿದ್ದುವು. ಹುಟ್ಟಿದೊಡನೆ ಬರುವ ಗಟ್ಟಿಯಾದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿಗೆ ಸಕ್ಕರೆನೀರನ್ನೋ ಹರಳೆಣ್ಣೆಯನ್ನೋ ನೆಕ್ಕಿಸುವವರು ಬಹಳ ಮಂದಿ. ರೋಗಗಳಿಂದ ಕೂಸನ್ನು ಕಾಯುವ ಸತ್ತ್ವ ಆ ಹಾಲಿನಲ್ಲಿಯೇ ಹೆಚ್ಚಾಗಿರುವುದೆಂದು ಇಂದು ತಿಳಿದಿದೆ. ಮಗು ದೊಡ್ಡದಾದರೆ ಹೆರಿಗೆ ಕಷ್ಟವಾದೀತೆಂದು ಬಸುರಿಯ ಊಟವನ್ನು ಕಡಿಮೆ ಮಾಡುವವರೂ ಇದ್ದರು. ಎಲ್ಲರದೂ ಆದ ಮೇಲೆ ಹೆಂಗಸರು ಉಣ್ಣುವ ಪದ್ಧತಿಯನ್ನಂತೂ ನಾವು ಪತಿಭಕ್ತಿಯ ಲಕ್ಷಣವೆಂದು ಹೊಗಳಿಕೊಂಡು ಬಂದಿದ್ದೇವೆ. ಲ್ಯಾಂಬೆತ್ತಿನ ತಾಯಿಯು ಬಡತನದಿಂದ ಕಡೆಯಲ್ಲಿ ಉಂಡಳು. ನಮ್ಮಲ್ಲಿ ಅನ್ನವಿದ್ದ ಮನೆಯಲ್ಲಿಯೂ ಆಕೆ ಕಡೆಯಲ್ಲಿ ಉಂಡಳು.

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಹೆರಿಗೆಗಳ ನಡುವಣ ಅಂತರವು ತಾಯಿ ಮಗು ಇಬ್ಬರ ಆಯುಸ್ಸಿಗೂ ಸಂಬಂಧಿಸಿದ್ದೆಂಬುದನ್ನು ಮನಗಂಡು, ೧೯೩೦ರಲ್ಲಿಯೇ ಸಂತಾನನಿಯಮನದ ಸಲಹೆ ಕೊಡುವ ಚಿಕಿತ್ಸಾಲಯಗಳನ್ನು ತೆರೆಯಲು ಇಲ್ಲಿಯ ಸರ್ಕಾರವು ಅಪ್ಪಣೆ ಕೊಟ್ಟಿತು. ಸರ್ಕಾರವೇ ಹೀಗೆ ಮುಂದೆ ಬಂದುದು ಆಗ ಲೋಕದಲ್ಲಿಯೇ ಅಪೂರ್ವ. ಬೆಂಗಳೂರಿನಲ್ಲಿ ತಾಯಿ ಮಕ್ಕಳಿಗೆಂದೇ ವಾಣಿವಿಲಾಸ ಆಸ್ಪತ್ರೆ ೧೯೩೫ರಲ್ಲಿ ಆರಂಭವಾಯಿತು. ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ೧೯೫೦ರಲ್ಲಿ ನೆಲೆಗೊಂಡ ಕೇಂದ್ರ ಆಹಾರ ಸಂಶೋಧನಾಲಯದವರು ಕಡಲೆಕಾಯಿ ಹಿಂಡಿಯ ಹಿಟ್ಟು, ಕಡಲೆಹಿಟ್ಟು ಇವುಗಳಿಂದ ಪುಷ್ಟಿಕರವಾದ ಆಹಾರವನ್ನೂ, ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನೂ ಮಾಡುವ ಕ್ರಮವನ್ನು ಕಂಡುಹಿಡಿದರು. ಎಮ್ಮೆಯ ಹಾಲು ಕೂಸಿಗೆ ಜೀರ್ಣವಾಗದೆಂಬ ನಂಬಿಕೆ ಇದರಿಂದ ಸುಳ್ಳಾಯಿತು. ಆದರೆ ಡಬ್ಬಿಯ ಆಹಾರ ಎಷ್ಟು ಒಳ್ಳೆಯದಾದರೂ ಅದನ್ನು ಕಲಸುವ ನೀರು ಶುದ್ಧವಾಗಿರಬೇಕು, ಕೊಳ್ಳಲು ಹಣ ಬೇಕು. ಸಿಂಗಪುರದಲ್ಲಿ ಎದ್ದ ಕೂಗು ವ್ಯರ್ಥವಾಗದೆ, ೧೯೮೧ರಲ್ಲಿ ಲೋಕಾರೋಗ್ಯ ಸಂಸ್ಥೆಯು ಇಂಥ ಆಹಾರಗಳ ಪ್ರಚಾರಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. ನಮ್ಮ ಪಾರ್ಲಿಮೆಂಟು ೧೯೯೨ರಲ್ಲಿ ಅದನ್ನು ಕಾನೂನಾಗಿ ಮಾಡಿತು.

೧೯೭೫ರ ಅಕ್ಟೋಬರ್ ೨ರಂದು ಭಾರತದ ೩೩ ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಊರೂರಿಗೂ ಇರುವ ಅಂಗನವಾಡಿ ಅಲ್ಲಿಂದ ಹರಡಿದುದು. ಅಲ್ಲಿ ಗೋಡೆಯ ಬಳಿ ತೂಗಾಡುವ ತಕ್ಕಡಿಯು ಬುದ್ಯಾಂ ಅವರ ತಕ್ಕಡಿಯ ಮೊಮ್ಮಗಳೆನ್ನಬಹುದು. ೨೦೧೭ರ ಅಕ್ಟೋಬರ್ ೨ರಂದು ಕರ್ನಾಟಕ ಸರ್ಕಾರವು ಮಾತೃಪೂರ್ಣ ಯೋಜನೆಯನ್ನು ರಾಜ್ಯದಲ್ಲೆಲ್ಲ ಜಾರಿಗೆ ತಂದು, ಬಸುರಿ ಬಾಣಂತಿಯರಿಗೆ ತಿಂಗಳಲ್ಲಿ ಇಪ್ಪತ್ತೈದು ದಿನ ಮಧ್ಯಾಹ್ನದ ಬಿಸಿಯೂಟವನ್ನು ಅಂಗನವಾಡಿಯಲ್ಲಿ ಬಡಿಸುವ ಏರ್ಪಾಟು ಮಾಡಿತು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಅಲ್ಲಿಗೇ ಬಂದು ಕುಳಿತು ಏಕೆ ಉಣ್ಣಬೇಕು, ಮನೆಗೇ ದಿನಸಿ ಕೊಡಬಾರದೇ ಎಂದು ಕೆಲವರು ಕೇಳಿದರು. ಮಲೆನಾಡಿನಲ್ಲಿ ಮೈಲಿಗಟ್ಟಲೆ ನಡೆದು ಬರಬೇಕಾದ ಬಸುರಿಯ ಪಾಲಿಗೆ ಇದು ನ್ಯಾಯವಾದ ಆಕ್ಷೇಪಣೆಯೇ. ಆದರೆ ನಿಯಮದ ಹಿಂದಿರುವ ಕಾರಣವನ್ನೂ ನೋಡಬೇಕು. ಮನೆಗೆ ಹೋದ ದಿನಸಿ ಮನೆಮಂದಿಗೆಲ್ಲ ಹಂಚಿಹೋಗಿ, ಯಾರಿಗಾಗಿ ಬಂದಿತೋ ಆಕೆಯ ತಟ್ಟೆಗೆ ಅತ್ಯಲ್ಪವಾಗಿ ಬೀಳುವುದು. ಲ್ಯಾಂಬೆತ್ತಿನ ಲೆಕ್ಕದ ಪುಸ್ತಕದಲ್ಲಿ ಕಂಡುದು ನೂರು ವರ್ಷಗಳ ಮೇಲೆ ನಮ್ಮ ಹಳ್ಳಿಯಲ್ಲಿಯೂ ಕಂಡಿತು.

ಇಷ್ಟಾದರೂ ಕೆಲಸ ಮುಗಿದಿಲ್ಲ. ೨೦೨೦ರಲ್ಲಿ ನಮ್ಮ ದೇಶದಲ್ಲಿ ಸಾವಿರಕ್ಕೆ ೨೮ ಶಿಶುಗಳು ತೀರಿಕೊಂಡುವೆಂದೆನಷ್ಟೆ. ಅವುಗಳಲ್ಲಿ ೨೦ ಹುಟ್ಟಿದ ಇಪ್ಪತ್ತೆಂಟು ದಿನಗಳ ಒಳಗೇ ಹೋದುವು. ಅತಿಸಾರವನ್ನು ಉಪ್ಪು ಸಕ್ಕರೆಯ ನೀರಿನಿಂದ ಗೆಲ್ಲಬಹುದೆಂದು ೧೯೭೧ರಲ್ಲಿ ದಿಲೀಪ ಮಹಲನಬೀಸರು ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ತೋರಿಸಿದರು. ಲಸಿಕೆಗಳು ಬಂದುವು. ಇವುಗಳಿಂದ ದೊಡ್ಡ ಕೂಸುಗಳು ಉಳಿದುವು. ಮೊದಲ ತಿಂಗಳ ಸಾವಿನ ಬೇರು ಬಹುಮಟ್ಟಿಗೆ ಗರ್ಭದಲ್ಲಿಯೇ ಇದೆ: ತೂಕ ಸಾಲದ ಕೂಸು, ದಿನ ತುಂಬದ ಕೂಸು, ರಕ್ತವಿಲ್ಲದ ತಾಯಿ. ೨೦೧೯-೨೧ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರೆಂದು ತಿಳಿದುಬಂದಿತು. ಇಂಥ ಕೂಸುಗಳನ್ನೂ ಮನೆಯಲ್ಲಿಯೇ ಉಳಿಸಿಕೊಳ್ಳಬಹುದೆಂಬುದಕ್ಕೆ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ವೈದ್ಯದಂಪತಿಗಳು ನಡೆಸಿದ ಕಾರ್ಯವೇ ಸಾಕ್ಷಿ. ಹಳ್ಳಿಯ ಹೆಂಗಸರಿಗೇ ತರಬೇತು ಕೊಟ್ಟು, ಹುಟ್ಟಿದ ದಿನದಿಂದ ಮನೆಮನೆಗೆ ಕಳುಹಿಸಿ, ಕೂಸನ್ನು ತೂಗಿ, ಬೆಚ್ಚಗಿಡಿಸಿ, ಹಾಲು ಕುಡಿಸುವುದನ್ನು ಕಲಿಸಿ, ಸೋಂಕಿಗೆ ಔಷಧ ಕೊಡಿಸಿದರು. ಎಳೆಗೂಸುಗಳ ಸಾವು ಶೇಕಡ ೬೨ರಷ್ಟು ಇಳಿಯಿತೆಂದು ೧೯೯೯ರಲ್ಲಿ ಅವರು ಪ್ರಕಟಿಸಿದರು. ಇಂದು ಆಶಾ ಕಾರ್ಯಕರ್ತೆ ಬಾಣಂತಿಯ ಬಾಗಿಲು ತಟ್ಟುವುದು ಇದೇ ಪರಂಪರೆಯಲ್ಲಿ.

ಈ ಭಾಷಣವನ್ನು ಕೇಳುತ್ತಿರುವ ಪಟ್ಟಣವಾಸಿಗಳಾದ ತಾವು ಇವೆಲ್ಲ ಸರ್ಕಾರದ ಕೆಲಸವೆಂದು ಭಾವಿಸಬಹುದು. ತಮ್ಮ ಮಗಳಿಗೋ ಸೊಸೆಗೋ ಕಾನೂನಿನಂತೆ ಹೆರಿಗೆಯ ರಜೆಯುಂಟು. ೨೦೧೭ರ ತಿದ್ದುಪಾಟಿನಿಂದ ಅದು ಇಪ್ಪತ್ತಾರು ವಾರಗಳವರೆಗೆ ಬೆಳೆದಿದೆ. ಆದರೆ ತಮ್ಮ ಮನೆಯ ಪಾತ್ರೆ ತೊಳೆದು, ನೆಲ ಒರೆಸಿ ಹೋಗುವ ಹೆಂಗಸಿಗೆ ಆ ಕಾನೂನಿನ ರಕ್ಷಣೆ ಮುಟ್ಟುವುದಿಲ್ಲ. ಏಕೆಂದರೆ ಮನೆಯು ಕಾರ್ಖಾನೆಯಲ್ಲ, ಅಂಗಡಿಯಲ್ಲ. ಆಕೆ ಬಸುರಿಯಾದಾಗ ನಮ್ಮಲ್ಲಿ ಬಹುಮಂದಿ ಮಾಡುವುದೇನು? ಒಂಬತ್ತನೆಯ ತಿಂಗಳವರೆಗೆ ಕೆಲಸ ಮಾಡಿಸಿಕೊಂಡು, ಆಮೇಲೆ ಬೇರೊಬ್ಬಳನ್ನು ಹುಡುಕುತ್ತೇವೆ. ಬ್ರಾಡ್‌ಬೆಂಟರು ಊರಿಗೆಲ್ಲ ಮೇಯರಾಗಿದ್ದರು. ನಮ್ಮ ನಮ್ಮ ಮನೆಯ ಹೊಸ್ತಿಲೊಳಗೆ ನಾವೂ ಅಷ್ಟೇ ಅಧಿಕಾರವುಳ್ಳವರು. ಮೂರು ತಿಂಗಳ ಸಂಬಳವನ್ನು ಕೊಟ್ಟು ವಿಶ್ರಾಂತಿಗೆ ಕಳುಹಿಸುವುದು, ಕೆಲಸಕ್ಕೆ ಬಂದಿರುವಷ್ಟು ದಿನ ಬೆಳಗ್ಗೆ ಒಂದು ಲೋಟ ಹಾಲನ್ನೂ ಮಧ್ಯಾಹ್ನ ಎಲ್ಲರಿಗಿಂತ ಮುಂಚೆ ಒಂದು ಊಟವನ್ನೂ ಬಡಿಸುವುದು, ಆಸ್ಪತ್ರೆಯ ಚೀಟಿಯನ್ನು ಕೇಳಿ ನೋಡುವುದು, ಇಷ್ಟಕ್ಕೆ ಶಾಸನ ಬೇಕಿಲ್ಲ.

ಮನೆಯೊಳಗಣ ಊಟದ ಸರದಿಯ ವಿಷಯವನ್ನು ಮನೆಯ ಯಜಮಾನರೂ ಅತ್ತೆಯವರೂ ಕುಳಿತು ಯೋಚಿಸತಕ್ಕದ್ದು. ನೂರ ಮೂವತ್ತು ವರ್ಷಗಳ ಚರಿತ್ರೆಯಲ್ಲಿ ವೈದ್ಯರೂ ದಾದಿಯರೂ ಸರ್ಕಾರಗಳೂ ದೊಡ್ಡ ವೆಚ್ಚದಿಂದ ಮಾಡಿದ ಕಾರ್ಯದ ಸಾರವು, ಗರ್ಭಿಣಿಗೆ ಮೊದಲು ಬಡಿಸಬೇಕೆಂಬುದೇ ಆಗಿದೆ. ಇದನ್ನು ನಾಳೆಯ ಮಧ್ಯಾಹ್ನದಿಂದಲೇ ಆರಂಭಿಸಬಹುದು.